ಸರ್ವರ್ ಕೆಟ್ಟಾಗ ಲಾಗ್ ಓದುವುದು ಹೇಗೆ? ಶಿರಸಿ, ಕಾರವಾರದ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರಗಳ ನಡುವೆ ಓಡಾಡಿಕೊಂಡು ಸಣ್ಣ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸೊಸೈಟಿಯ ಲೆಕ್ಕದ ಯಂತ್ರ, ಐಸ್ ಪ್ಲಾಂಟಿನಲ್ಲಿ ಉಷ್ಣತೆ ಬರೆದಿಡುವ ಯಂತ್ರ, ಶಾಲೆಯ ಗ್ರಂಥಾಲಯದ ಯಂತ್ರ, ಇಂಥವು. ಮೃಗಶಿರ ಮಳೆ ಹಿಡಿಯಿತೆಂದರೆ ಫೋನು ಬರಲು ಶುರುವಾಗುತ್ತದೆ. ದೇವಿಮನೆ ಘಟ್ಟ ಇಳಿಯಲಾಗದ ದಿನ ನಾನು ಇಲ್ಲಿಂದ ಕಮಾಂಡ್ ಹೇಳುತ್ತೇನೆ, ಅಲ್ಲಿದ್ದವರು ಟೈಪ್ ಮಾಡುತ್ತಾರೆ, ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುತ್ತಾರೆ. ಲಾಗ್ ಎಂದರೆ ಯಂತ್ರ ತನ್ನಲ್ಲಿ ಆದದ್ದನ್ನು ಗಂಟೆ ಸಮೇತ ಬರೆದಿಡುವ ದಿನಚರಿ. ಅದರ ಬಗ್ಗೆ ಹಾಗೆ ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಕಮಾಂಡುಗಳನ್ನೂ ಫೋನಿನಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇನೆ. ಹೆಚ್ಚಿನವುಗಳನ್ನು ಹೊಡೆಯುವ ಮೊದಲು ಸುಡೋ ಎಂಬ ಪದ ಹಾಕಬೇಕಾಗುತ್ತದೆ, ಅದು ಪೂರ್ಣ ಅಧಿಕಾರ ಕೊಡುತ್ತದೆ.

ಸರ್ವರ್ ಹ್ಯಾಂಗ್ ಆಗಿದೆ. ಒಮ್ಮೆ ಆಫ್ ಮಾಡಿ ಆನ್ ಮಾಡಲೇ?

ದಯವಿಟ್ಟು ಬೇಡ, ಎರಡು ನಿಮಿಷ ತಡೆಯಿರಿ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ತನ್ನ ಮಾತುಗಳನ್ನು ಮೊದಲು ಬರೆದುಕೊಳ್ಳುವುದು ಮೆಮೊರಿಯಲ್ಲಿರುವ ಒಂದು ಸುತ್ತುಪಟ್ಟಿಯಲ್ಲಿ. ಕರೆಂಟು ತೆಗೆದ ಕ್ಷಣ ಅದು ಖಾಲಿ. ಯಾವ ಪ್ರೋಗ್ರಾಮು ಯಾವುದಕ್ಕಾಗಿ ಕಾಯುತ್ತ ಕುಳಿತಿತ್ತು ಎಂಬುದೂ ಹೋಗುತ್ತದೆ. ಡಿಸ್ಕಿಗೇ ತೊಂದರೆಯಾಗಿದ್ದರೆ ಕೊನೆಯ ಸಾಲುಗಳು ಲಾಗ್ ಫೈಲಿನ ತನಕ ಬಂದೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಕಾರಣ ಇರುವುದು ಆ ಮೆಮೊರಿಯಲ್ಲಿ ಮಾತ್ರ.

ಕೀಲಿಮಣೆ ಸ್ವಲ್ಪವಾದರೂ ಕೇಳುತ್ತಿದ್ದರೆ ನಾಲ್ಕು ಕಮಾಂಡು ಹೊಡೆಯಿರಿ. ಅಪ್‌ಟೈಮ್. ಆಮೇಲೆ ಮೆಮೊರಿ ತೋರಿಸುವ ಫ್ರೀ -ಎಚ್. ಆಮೇಲೆ ಡಿಸ್ಕಿನ ಜಾಗ ತೋರಿಸುವ ಡಿಎಫ್ -ಎಚ್. ಕೊನೆಗೆ ಕರ್ನಲ್‌ನ ಮಾತು ತೋರಿಸುವ ಡಿಮೆಸ್ಗ್, ಅಂದರೆ ಡಿ, ಎಂ, ಇ, ಎಸ್, ಜಿ ಎಂದು ಐದಕ್ಷರ ಹೊಡೆದು, ಜಾಗ ಬಿಟ್ಟು -ಟಿ, ಇಲ್ಲಿ ಟಿ ದೊಡ್ಡಕ್ಷರ. ಸಾಲು ತುಂಬಾ ಬಂದರೆ ಅದರ ನಂತರ ಪೈಪ್ ಎಂಬ ನಿಂತ ಗೆರೆ ಹಾಕಿ ಟೇಲ್ -ಎನ್ 50 ಎಂದರೆ ಕೊನೆಯ 50 ಸಾಲು ಮಾತ್ರ. ಪ್ರತಿಯೊಂದರದ್ದೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಬೇಕಾದರೆ ರಿಸ್ಟಾರ್ಟ್ ಮಾಡಿ. ನನಗೆ ಫೋನ್ ಮಾಡುವ ಎಲ್ಲರಲ್ಲೂ ನಾನು ಕೇಳಿಕೊಳ್ಳುವುದು ಇದೊಂದನ್ನೇ.

ಲಾಗ್ ಫೈಲುಗಳು ಎಲ್ಲಿರುತ್ತವೆ?

/ವಾರ್/ಲಾಗ್ ಎಂಬ ಫೋಲ್ಡರಿನಲ್ಲಿ. ಲಿನಕ್ಸ್‌ನ ಡೆಬಿಯನ್, ಉಬುಂಟು ಕುಟುಂಬದಲ್ಲಿ ಸಾಮಾನ್ಯ ಸುದ್ದಿ ಸಿಸ್‌ಲಾಗ್ ಎಂಬ ಫೈಲಿಗೆ, ಲಾಗಿನ್ ಸುದ್ದಿ ಆಥ್.ಲಾಗ್‌ಗೆ ಹೋಗುತ್ತದೆ. ರೆಡ್ ಹ್ಯಾಟ್ ಕುಟುಂಬದಲ್ಲಿ ಅವೇ ಎರಡಕ್ಕೆ ಮೆಸೇಜಸ್ ಮತ್ತು ಸೆಕ್ಯೂರ್ ಎಂದು ಹೆಸರು. 2023ರ ಡೆಬಿಯನ್ 12ರಿಂದ ಈಚೆಗೆ ಹೊಸದಾಗಿ ಹಾಕಿದ ಯಂತ್ರದಲ್ಲಿ ಸಿಸ್‌ಲಾಗ್ ಫೈಲು ಕಾಣದಿದ್ದರೆ ಗಾಬರಿ ಬೇಡ. ಅದನ್ನು ಬರೆಯುವ ಆರ್‌ಸಿಸ್‌ಲಾಗ್ ಈಗ ತಾನಾಗಿ ಬರುವುದಿಲ್ಲ, ಎಲ್ಲವೂ ಸರ್ವಿಸುಗಳನ್ನು (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮುಗಳನ್ನು) ನಡೆಸುವ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ ಇರುತ್ತದೆ. ಮ್ಯಾಕ್ ಬಳಸುವವರಿಗೆ 2016ರ ಸಿಯೆರಾದಿಂದ ವ್ಯವಸ್ಥೆಯೇ ಬೇರೆ. ಅಲ್ಲಿ ಲಾಗ್ ಶೋ ಮತ್ತು ಲಾಗ್ ಸ್ಟ್ರೀಮ್ ಎಂಬ ಎರಡು ಕಮಾಂಡು ಕಲಿತರೆ ಸಾಕು.

ಸಿಸ್‌ಲಾಗ್ ಎಂಬ ಪದ್ಧತಿ ಹುಟ್ಟಿದ್ದು 1980ರ ದಶಕದಲ್ಲಿ, ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್ ಎಂಬ ಅಂಚೆ ಪ್ರೋಗ್ರಾಮಿನ ಜೊತೆಗೆ. ಅಂಚೆಗಾಗಿ ಮಾಡಿದ್ದು ಎಲ್ಲರಿಗೂ ಅನುಕೂಲವಾಗಿ ಕಂಡು ಇಡೀ ಯೂನಿಕ್ಸ್ ಲೋಕ ಅದನ್ನು ತನ್ನದಾಗಿಸಿಕೊಂಡಿತು. ಆ ಪದ್ಧತಿಯ 8 ದರ್ಜೆಗಳು ಇವತ್ತಿಗೂ ಹಾಗೇ ಇವೆ, ಅದು ಕೆಳಗೆ ಬರುತ್ತದೆ.

ಸಾಲುಗಳು ಬರುತ್ತಿರುವಾಗಲೇ ನೋಡುತ್ತ ಕೂರಬೇಕು. ಹೇಗೆ?

ಟೇಲ್, ಜಾಗ, -ಎಫ್, ಜಾಗ, ಫೈಲಿನ ಹೆಸರು. ಆದರೆ ಎಫ್ ದೊಡ್ಡಕ್ಷರವೇ ಇರಲಿ. ಎರಡಕ್ಕೂ ಇರುವ ವ್ಯತ್ಯಾಸ ತಿಳಿದುಕೊಳ್ಳಲೇಬೇಕಾದದ್ದು. ಲಾಗ್ ಫೈಲು ಬೆಳೆಯುತ್ತ ಹೋಗಬಾರದೆಂದು ಲಾಗ್‌ರೊಟೇಟ್ ಎಂಬುದು ಆಗಾಗ ಹಳೆಯ ಫೈಲಿನ ಹೆಸರು ಬದಲಿಸಿ, ಅದೇ ಹೆಸರಿನಲ್ಲಿ ಹೊಸದೊಂದನ್ನು ತೆರೆಯುತ್ತದೆ. ಸಣ್ಣ ಎಫ್ ಹಿಡಿದುಕೊಂಡಿರುವುದು ಹಳೆಯ ಫೈಲನ್ನು. ಹೆಸರು ಬದಲಾದರೂ ಅದನ್ನು ಬಿಡುವುದಿಲ್ಲ, ಹೊಸ ಸಾಲು ಒಂದೂ ಬರುವುದಿಲ್ಲ. ಪರದೆ ಸುಮ್ಮನಿದೆ, ಹಾಗಾದರೆ ಎಲ್ಲ ಸರಿಯಿದೆ ಎಂದುಕೊಂಡು ನೀವು ಊಟಕ್ಕೆ ಹೋಗುತ್ತೀರಿ. ದೊಡ್ಡ ಎಫ್ ನೋಡುವುದು ಹೆಸರನ್ನು, ಆದ್ದರಿಂದ ಹೊಸ ಫೈಲಿಗೆ ತಾನಾಗಿ ದಾಟಿಕೊಳ್ಳುತ್ತದೆ.

ನಡುವೆ ನಿಲ್ಲಿಸಿ ಹಿಂದೆ ಹೋಗಿ ಹುಡುಕಬೇಕೆನಿಸಿದರೆ ಲೆಸ್ +ಎಫ್ ಒಳ್ಳೆಯದು, ಇಲ್ಲೂ ಎಫ್ ದೊಡ್ಡದು. ಕಂಟ್ರೋಲ್ ಸಿ ಒತ್ತಿದರೆ ಓಟ ನಿಲ್ಲುತ್ತದೆ, ಶಿಫ್ಟ್ ಎಫ್ ಒತ್ತಿದರೆ ಮತ್ತೆ ಶುರು.

ಟೇಲ್‌ಗೆ ಎರಡು ಗ್ರೆಪ್ ಜೋಡಿಸಿದೆ. ಏನೂ ಬರುತ್ತಿಲ್ಲವಲ್ಲ?

ಗ್ರೆಪ್ ಎಂದರೆ ಬೇಕಾದ ಪದವಿರುವ ಸಾಲುಗಳನ್ನಷ್ಟೇ ಆರಿಸುವ ಕಮಾಂಡ್. ಸಾಲು ಬರುತ್ತಿದೆ, ಆದರೆ ಮೊದಲ ಗ್ರೆಪ್ ಕೊಡ ತುಂಬುವ ತನಕ ಮುಂದಿನದಕ್ಕೆ ಸುರಿಯುತ್ತಿಲ್ಲ. ನೇರ ಪರದೆಗೆ ಬರೆಯುವಾಗ ಅದು ಸಾಲು ಸಾಲಾಗಿ ಬರೆಯುತ್ತದೆ. ಎದುರಿಗೆ ಪೈಪ್ ಇದ್ದರೆ ಸಾಮಾನ್ಯವಾಗಿ 4096 ಬೈಟ್ ಕೂಡುವ ತನಕ ಕಾಯುತ್ತದೆ. ಮೊದಲ ಗ್ರೆಪ್‌ಗೆ --ಲೈನ್-ಬಫರ್ಡ್ ಎಂದು ಸೇರಿಸಿ.

ಜರ್ನಲ್‌ಸಿಟಿಎಲ್ ಹೊಡೆದರೆ ಸಾವಿರಾರು ಸಾಲು ಬರುತ್ತದೆ. ಎಲ್ಲಿಂದ ಓದಬೇಕು?

ಅದು ಜರ್ನಲ್ ತೋರಿಸುವ ಕಮಾಂಡ್, ಎಲ್ಲವನ್ನೂ ಯಾರೂ ಓದುವುದಿಲ್ಲ. ಯಾವಾಗ, ಯಾರು, ಎಷ್ಟು ಗಂಭೀರ ಎಂದು ಮೂರು ಜರಡಿ ಹಿಡಿಯಬೇಕು.

ಮೊದಲು ಹೊತ್ತು. ಜರ್ನಲ್‌ಸಿಟಿಎಲ್ --ಸಿನ್ಸ್ ಟುಡೇ ಎಂದರೆ ಇವತ್ತಿನದ್ದು ಮಾತ್ರ. --ಸಿನ್ಸ್ ಮುಂದೆ ಉದ್ಧರಣ ಚಿಹ್ನೆಯೊಳಗೆ 02:30 ಎಂದು, --ಅನ್‌ಟಿಲ್ ಮುಂದೆ 03:30 ಎಂದು ಕೊಟ್ಟರೆ ಆ ಒಂದು ತಾಸು. -ಬಿ ಎಂದರೆ ಈ ಸಲ ಯಂತ್ರ ಎದ್ದ ಮೇಲಿನದ್ದು, -ಬಿ -1 ಎಂದರೆ ಅದಕ್ಕೂ ಹಿಂದಿನ ಸಲದ್ದು. ಯಾರೋ ರಿಸ್ಟಾರ್ಟ್ ಮಾಡಿಬಿಟ್ಟ ಮೇಲೆ ನನ್ನನ್ನು ಕರೆದರೆ ನಾನು ಮೊದಲು ಹೇಳುವುದು ಈ -ಬಿ -1 ಅನ್ನೇ.

ಆಮೇಲೆ ಯಾರು. -ಯು ಮುಂದೆ ಸರ್ವಿಸಿನ ಹೆಸರು. ಕರ್ನಲ್‌ನ ಮಾತು ಮಾತ್ರ ಬೇಕಿದ್ದರೆ -ಕೆ.

ಆಮೇಲೆ ಗಂಭೀರತೆ. -ಪಿ ಮುಂದೆ ಅಂಕೆ ಕೊಡಬಹುದು. ಫೋನಿನಲ್ಲಿ ಹೇಳಲು ಅಂಕೆಯಷ್ಟು ಸುಲಭವಾದದ್ದು ಬೇರೆ ಇಲ್ಲ. 0 ಎಂದರೆ ಇಡೀ ವ್ಯವಸ್ಥೆಯೇ ಕೈಕೊಟ್ಟಿದೆ, 1 ಈಗಲೇ ನೋಡಬೇಕು, 2 ತೀರಾ ಗಂಭೀರ, 3 ದೋಷ, 4 ಎಚ್ಚರಿಕೆ, 5 ಗಮನಕ್ಕೆ, 6 ಬರೀ ಮಾಹಿತಿ, 7 ಪ್ರೋಗ್ರಾಮು ಬರೆದವರಿಗಾಗಿ ಇರುವ ವಿವರ. -ಪಿ 3 ಎಂದರೆ 0ಯಿಂದ 3ರ ತನಕ ಎಲ್ಲವೂ ಬರುತ್ತದೆ. ಆದರೆ ಈ ದರ್ಜೆ ಕೊಡುವವರು ಪ್ರೋಗ್ರಾಮು ಬರೆದವರು. ಒಬ್ಬರು ಸಣ್ಣದಕ್ಕೂ 3 ಹಾಕುತ್ತಾರೆ, ಇನ್ನೊಬ್ಬರು ಡಿಸ್ಕು ಸಾಯುತ್ತಿದ್ದರೂ 6 ಹಾಕುತ್ತಾರೆ. ಆದ್ದರಿಂದ -ಪಿ 3ರಿಂದ ಹೊತ್ತನ್ನು ಹಿಡಿದುಕೊಂಡು, ಆ ಹೊತ್ತಿನ ಹಿಂದಿನ ಐದು ನಿಮಿಷವನ್ನು ಜರಡಿ ಇಲ್ಲದೆ ಓದಿ. ಕಾರಣ ಬಹಳ ಸಲ ದೋಷದ ಸಾಲಿನಲ್ಲಿ ಇರುವುದಿಲ್ಲ, ಅದರ ಮೇಲಿನ ಹತ್ತು ಸಾಲಿನಲ್ಲಿ ಇರುತ್ತದೆ.

-ಬಿ -1 ಕೊಟ್ಟರೆ ಹಿಂದಿನದ್ದು ಏನೂ ಇಲ್ಲ ಎನ್ನುತ್ತದೆ.

ನಿಮ್ಮ ಯಂತ್ರ ಜರ್ನಲ್ ಅನ್ನು ಡಿಸ್ಕಿನಲ್ಲಿ ಇಡುತ್ತಿಲ್ಲ, ಮೆಮೊರಿಯಲ್ಲಿ ಇಡುತ್ತಿದೆ. /ಇಟಿಸಿ/ಸಿಸ್ಟಮ್‌ಡಿ/ ಒಳಗಿನ ಜರ್ನಲ್‌ಡಿ.ಕಾನ್ಫ್ ಫೈಲಿನಲ್ಲಿ ಸ್ಟೋರೇಜ್ (ಮೊದಲ ಎಸ್ ದೊಡ್ಡಕ್ಷರ) ಎಂಬ ಸಾಲಿಗೆ ಪರ್ಸಿಸ್ಟೆಂಟ್ ಎಂದು ಕೊಟ್ಟು ಸಿಸ್ಟಮ್‌ಡಿ-ಜರ್ನಲ್‌ಡಿ ಸರ್ವಿಸನ್ನು ರಿಸ್ಟಾರ್ಟ್ ಮಾಡಿ. ಇದನ್ನು ಮಳೆಗಾಲಕ್ಕೆ ಮೊದಲು ಮಾಡಿಡಬೇಕು, ಸೂರಿಗೆ ಹಂಚು ಕೈಯಾಡಿಸುವ ಹಾಗೆ. ಡಿಸ್ಕು ತುಂಬೀತು ಎಂಬ ಭಯ ಬೇಡ. ಸುಮ್ಮನೆ ಬಿಟ್ಟರೆ ಅದು ಆ ಡಿಸ್ಕಿನ ಶೇ 10ರಷ್ಟು, ಅದೂ ಹೆಚ್ಚೆಂದರೆ 4 ಜಿಬಿ ಮೀರುವುದಿಲ್ಲ. ಈಗೆಷ್ಟು ಹಿಡಿದಿದೆ ಎಂದು ನೋಡಲು --ಡಿಸ್ಕ್-ಯೂಸೇಜ್.

ರಾತ್ರಿ ಕರೆಂಟು ಹೋಗಿ ನಿಂತಿತೋ, ಯಾರಾದರೂ ಆಫ್ ಮಾಡಿದರೋ ಎಂದು ತಿಳಿಯಬಹುದೇ?

ತಿಳಿಯಬಹುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಮನುಷ್ಯರ ಮರ್ಯಾದೆಯೂ ಸೇರಿಕೊಂಡಿರುತ್ತದೆ.

ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್ ಎಂದರೆ ಯಂತ್ರ ಪ್ರತಿ ಸಲ ಯಾವಾಗ ಎದ್ದಿತು, ಯಾವಾಗ ಕೊನೆಯ ಮಾತಾಡಿತು ಎಂಬ ಪಟ್ಟಿ ಬರುತ್ತದೆ. ಆಮೇಲೆ -ಬಿ -1 -ಇ ಎಂದು ಹಿಂದಿನ ಸಲದ ಕೊನೆಗೆ ಹೋಗಿ. ಸರಿಯಾಗಿ ನಿಲ್ಲಿಸಿದ ಯಂತ್ರ ಒಂದೊಂದೇ ಸರ್ವಿಸನ್ನು ಮುಚ್ಚುತ್ತ ಬಂದು, ಕೊನೆಗೆ ಜರ್ನಲ್ ಸ್ಟಾಪ್ಡ್ ಎಂದು ಹೇಳಿ ಮಲಗುತ್ತದೆ. ಪ್ಲಗ್ ಕಿತ್ತ ಯಂತ್ರದ ಲಾಗ್ ಮಾತಿನ ನಡುವೆ ತುಂಡಾಗುತ್ತದೆ. ಮುಚ್ಚುವ ಸಾಲುಗಳೇ ಇರುವುದಿಲ್ಲ. ಲಾಸ್ಟ್ -ಎಕ್ಸ್ ಎಂಬ ಹಳೆಯ ಕಮಾಂಡ್ ಕೂಡ ಶಟ್‌ಡೌನ್, ರಿಬೂಟ್ ಎರಡನ್ನೂ ತೋರಿಸುತ್ತದೆ, ಈಗಿನ ಕೆಲವು ವ್ಯವಸ್ಥೆಗಳಲ್ಲಿ ಅದು ತಾನಾಗಿ ಬರುವುದಿಲ್ಲ.

ಶಿರಸಿ ತಾಲೂಕಿನ ಒಂದು ಸೊಸೈಟಿಯಲ್ಲಿ ಬೆಳಿಗ್ಗೆ ಬಂದು ನೋಡಿದರೆ ಸರ್ವರ್ ಬಂದ್. ರಾತ್ರಿ ಕಾವಲಿನ ಹಿರಿಯರು ದೀಪ ಆರಿಸುವಾಗ ತಪ್ಪು ಸ್ವಿಚ್ಚು ಒತ್ತಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ಅವರು ಬಾಗಿಲ ಬಳಿ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು, "ಆನು ಮುಟ್ಟಿದ್ನಿಲ್ಲೆ ತಮಾ" ಎಂದಷ್ಟೇ ಹೇಳಿದರು. ಯುಪಿಎಸ್ ಅನ್ನು ಯುಎಸ್‌ಬಿ ತಂತಿಯಲ್ಲಿ ಸರ್ವರ್‌ಗೆ ಜೋಡಿಸಿ, ನಟ್ ಎಂಬ ಯುಪಿಎಸ್ ನೋಡಿಕೊಳ್ಳುವ ಪ್ರೋಗ್ರಾಮನ್ನು ನಾನೇ ಹಿಂದಿನ ವರ್ಷ ಹಾಕಿದ್ದೆ. ಅದರ ಲಾಗಿನಲ್ಲಿ 2:47ಕ್ಕೆ ಯುಪಿಎಸ್ ಬ್ಯಾಟರಿಗೆ ಇಳಿದಿದೆ, 3:11ಕ್ಕೆ ಬ್ಯಾಟರಿ ಕಡಿಮೆಯಾಗಿದೆ, ಆಮೇಲೆ ಯಂತ್ರ ತಾನೇ ಸರಿಯಾಗಿ ಮುಚ್ಚಿಕೊಂಡಿದೆ. ಸ್ವಿಚ್ಚು ಆರಿಸಿದರೂ ಯುಪಿಎಸ್ ಬ್ಯಾಟರಿಗೇ ಇಳಿಯುತ್ತದಲ್ಲ ಎಂದು ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ರಸ್ತೆಯಾಚೆಯ ಗೋದಾಮಿನ ಯಂತ್ರಕ್ಕೆ ಲಾಗಿನ್ ಆಗಿ ನೋಡಿದೆ. ಅದಕ್ಕೆ ಬೇರೆ ಮೀಟರು, ಬೇರೆ ಬೀಗ. ಅದರ ಯುಪಿಎಸ್ ಕೂಡ 2:47ಕ್ಕೇ ಬ್ಯಾಟರಿಗೆ ಇಳಿದಿತ್ತು. ಎರಡೂ ಪರದೆಯ ಫೋಟೋ ತೆಗೆದು ಎಲ್ಲರಿಗೂ ತೋರಿಸಿದೆ. ಆ ಹಿರಿಯರಿಗೂ ತೋರಿಸಿದೆ. ಅಕ್ಷರ ಅವರಿಗೆ ತಿಳಿಯಲಿಲ್ಲ, ಎರಡೂ ಕಡೆ ಇದ್ದ ಅಂಕೆ ಒಂದೇ ಎಂದು ಬೆರಳಿಟ್ಟು ನೋಡಿಕೊಂಡರು.

ಲಾಗಿನ ಗಂಟೆ ನಮ್ಮ ಗಡಿಯಾರಕ್ಕೆ ಹೊಂದುತ್ತಿಲ್ಲ.

ಸರಿಯಾಗಿ ಐದೂವರೆ ತಾಸು ಹಿಂದಿದ್ದರೆ ಅದು ತಪ್ಪಲ್ಲ, ಯಂತ್ರ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಬರೆಯುತ್ತಿದೆ. ಟೈಮ್‌ಡೇಟ್‌ಸಿಟಿಎಲ್ ಎಂದು ಹೊಡೆದರೆ ಯಾವ ವಲಯ ಎಂದು ಹೇಳುತ್ತದೆ. ಏಷ್ಯಾ/ಕೋಲ್ಕತಾ (ಎ, ಕೆ ದೊಡ್ಡಕ್ಷರ) ಎಂದು ಬದಲಿಸಬಹುದು. ಕೆಲವು ನಿಮಿಷದ ವ್ಯತ್ಯಾಸವಿದ್ದರೆ ಮಾತ್ರ ಅದು ನಿಜವಾದ ತೊಂದರೆ. ಇಂಟರ್ನೆಟ್ಟಿನಿಂದ ಗಡಿಯಾರ ಹೊಂದಿಸುವ ಕ್ರೋನಿ ಹಾಕಿ, ಕ್ರೋನಿಸಿ ಟ್ರ್ಯಾಕಿಂಗ್ ಎಂದು ಆಗಾಗ ನೋಡಿ. ಮೇಲೆ ಹೇಳಿದ ಎರಡು ಯಂತ್ರದ ಗಡಿಯಾರ ಹೊಂದಿರದಿದ್ದರೆ ಆ 2:47ಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಹಳೆಯ ಯಂತ್ರದ ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟು ಬಂದಾಗ ಯಂತ್ರ ಯಾವುದೋ ಹಳೆಯ ವರ್ಷದಲ್ಲಿ ಏಳುತ್ತದೆ, ಇಂಟರ್ನೆಟ್ ಸಿಕ್ಕ ಮೇಲೆ ಇವತ್ತಿಗೆ ಜಿಗಿಯುತ್ತದೆ. ನಡುವಿನ ಸಾಲುಗಳ ದಿನಾಂಕ ನಂಬಬೇಡಿ. ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿದ ಮೇಲೆ ಡಿಮೆಸ್ಗ್ -ಟಿ ತೋರಿಸುವ ಗಂಟೆಯೂ ತಪ್ಪಿರಬಹುದು.

ಅಪ್‌ಟೈಮ್ ಕೊನೆಯಲ್ಲಿ ಮೂರು ಸಂಖ್ಯೆ ಬರುತ್ತದೆ. ಎಷ್ಟಿದ್ದರೆ ಹೆಚ್ಚು?

ಅದು ಲೋಡ್ ಆವರೇಜ್. ಕಳೆದ 1 ನಿಮಿಷ, 5 ನಿಮಿಷ, 15 ನಿಮಿಷದ ಲೆಕ್ಕ. ಮೊದಲನೆಯದು ಹೆಚ್ಚು, ಮೂರನೆಯದು ಕಡಿಮೆ ಎಂದರೆ ತೊಂದರೆ ಈಗಷ್ಟೇ ಶುರುವಾಗಿದೆ. ಅದಲುಬದಲಾಗಿದ್ದರೆ ಇಳಿಯುತ್ತಿದೆ. ಪ್ರೊಸೆಸರಿನಲ್ಲಿ 4 ಕೋರ್ ಇದ್ದರೆ 4ರ ತನಕ ಚಿಂತೆಯಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಲಿನಕ್ಸ್‌ನಲ್ಲಿ ಇನ್ನೊಂದು ಸಂಗತಿಯಿದೆ. ಪ್ರೊಸೆಸರಿಗಾಗಿ ಕಾಯುವವರನ್ನಷ್ಟೇ ಅಲ್ಲ, ಡಿಸ್ಕಿಗಾಗಿ ಕಾಯುತ್ತ ಕುಳಿತವರನ್ನೂ ಅದು ಎಣಿಸುತ್ತದೆ.

ಅಡಿಕೆ ವ್ಯಾಪಾರ ಜೋರಿದ್ದ ಒಂದು ಹಂಗಾಮಿನಲ್ಲಿ ದಿನಾ ಹನ್ನೊಂದೂವರೆ ಹೊತ್ತಿಗೆ ಒಂದು ಲೆಕ್ಕದ ಯಂತ್ರ ನಿಂತುಬಿಡುತ್ತಿತ್ತು. ಅಲ್ಲಿಯವರು ಮೂರು ದಿನ ಬಟನ್ ಒತ್ತಿ ಎಬ್ಬಿಸಿದರು. ನಾಲ್ಕನೆಯ ದಿನ ನಾನು ಎದುರಿಗೇ ಇದ್ದೆ. ಅಪ್‌ಟೈಮ್ 14 ತೋರಿಸಿತು, ಆದರೆ ಯಾರು ಎಷ್ಟು ಕೆಲಸ ಮಾಡುತ್ತಿದ್ದಾರೆಂದು ತೋರಿಸುವ ಟಾಪ್‌ನಲ್ಲಿ ಪ್ರೊಸೆಸರಿಗೆ ಕೆಲಸವೇ ಇಲ್ಲ. ವಿಎಂಸ್ಟ್ಯಾಟ್ 1 ಹೊಡೆದೆ. ಅದರ ಮೊದಲ ಸಾಲನ್ನು ಬಿಡಬೇಕು, ಅದು ಯಂತ್ರ ಎದ್ದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಎರಡನೆಯ ಸಾಲಿನಿಂದ ನೋಡಿದರೆ ಬಿ ಎಂಬ ಕಾಲಮ್ಮಿನಲ್ಲಿ ಹನ್ನೆರಡು ಹದಿಮೂರು ಪ್ರೋಗ್ರಾಮು ಕಾಯುತ್ತಿವೆ, ಡಬ್ಲ್ಯುಎ ಕಾಲಮ್ಮು 90ರ ಮೇಲೆ. ಎಲ್ಲರೂ ಡಿಸ್ಕಿನ ಬಾಗಿಲಲ್ಲಿ ಸಾಲು ನಿಂತಿದ್ದರು. ಡಿಮೆಸ್ಗ್‌ನಲ್ಲಿ ಎಸ್‌ಡಿಎ ಡಿಸ್ಕಿನ ಒಂದೇ ಸೆಕ್ಟರಿನ ಹೆಸರು ಹಿಡಿದು ಐ/ಒ ಎರರ್ ಎಂದು ಸಾಲು ಸಾಲು. ಸ್ಮಾರ್ಟ್‌ಸಿಟಿಎಲ್ -ಎ ಎಂದು ಡಿಸ್ಕಿನ ಆರೋಗ್ಯ ಕೇಳಿದರೆ ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬಲ್ಲಿ ಸೊನ್ನೆ ಇರಬೇಕಾದ ಜಾಗದಲ್ಲಿ ದೊಡ್ಡ ಸಂಖ್ಯೆ. ಅವತ್ತು ಮಧ್ಯಾಹ್ನವೇ ಪ್ರತಿ ತೆಗೆದು ಹೊಸ ಡಿಸ್ಕು ಹಾಕಿದೆವು. ಬೆಳೆಗಾರರ ಇಡೀ ವರ್ಷದ ಲೆಕ್ಕ ಅದರಲ್ಲಿತ್ತು. ಆ ಮೂರು ದಿನವೂ ಪರದೆಯ ಮೇಲೆ ಇದೇ ಸಾಲುಗಳು ಬಂದಿರಬೇಕು, ಬಟನ್ ಒತ್ತಿದಾಗಲೆಲ್ಲ ಅಳಿಸಿಹೋಗಿವೆ.

ನಿನ್ನೆ ರಾತ್ರಿ ನಿಧಾನವಾಗಿತ್ತು, ಈಗ ಸರಿಯಿದೆ. ಈಗ ನೋಡಿ ಏನು ಪ್ರಯೋಜನ?

ಸಿಸ್‌ಸ್ಟ್ಯಾಟ್ ಎಂಬುದನ್ನು ಮೊದಲೇ ಹಾಕಿ ಚಾಲೂ ಮಾಡಿದ್ದರೆ ಅದು 10 ನಿಮಿಷಕ್ಕೊಮ್ಮೆ ಲೆಕ್ಕ ಬರೆದಿಟ್ಟಿರುತ್ತದೆ. ಸಾರ್ -ಕ್ಯು ಲೋಡ್ ತೋರಿಸುತ್ತದೆ, ಸಾರ್ -ಆರ್ ಮೆಮೊರಿ, ಸಾರ್ -ಡಿ ಡಿಸ್ಕು. ಹಾಕಿರದಿದ್ದರೆ ಇವತ್ತೇ ಹಾಕಿ.

ಕಾರವಾರದಲ್ಲಿ ನೆಟ್‌ವರ್ಕ್ ಬಿಟ್ಟು ಬಿಟ್ಟು ಹೋಗುತ್ತದೆ. ತಂತಿ ಸರಿಯಾಗೇ ಇದೆ.

ಕರಾವಳಿಯಲ್ಲಿ ತಂತಿ ಸರಿಯಿದೆ ಎಂದು ಕಣ್ಣಿನಿಂದ ಹೇಳಲಾಗದು. ಬೈತಖೋಲ್ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಉಷ್ಣತೆಯ ದಾಖಲೆಯಲ್ಲಿ ನಡುನಡುವೆ ತೂತು ಬೀಳುತ್ತಿತ್ತು. ಉಷ್ಣಮಾಪಕ ಬದಲಿಸಿದರು, ಪ್ರೋಗ್ರಾಮು ಬದಲಿಸಿದರು. ಜರ್ನಲ್‌ಸಿಟಿಎಲ್ -ಕೆ ಕೊಟ್ಟು, ಪೈಪ್ ಗೆರೆಯ ಮುಂದೆ ಗ್ರೆಪ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಲಿಂಕ್ ಈಸ್ ಡೌನ್ (ಎಲ್, ಡಿ ದೊಡ್ಡಕ್ಷರ) ಎಂದು ಹುಡುಕಿದರೆ ಕಾರಣ ಅಲ್ಲೇ ಕುಳಿತಿತ್ತು. ಲಿಂಕ್ ಡೌನ್, ಮೂರು ಸೆಕೆಂಡಿಗೆ ಲಿಂಕ್ ಅಪ್, ಮತ್ತೆ ಡೌನ್. ಕಂಪ್ರೆಸರ್ ಶುರುವಾಗಿ ನೆಲ ನಡುಗುವ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು.

ಇಂಥಲ್ಲಿ ಡಿಮೆಸ್ಗ್ -ಡಬ್ಲ್ಯು ಎಂದು ಓಡಲು ಬಿಡಿ. ಹೊಸ ಸಾಲು ಬಂದ ಹಾಗೆ ಅದು ತೋರಿಸುತ್ತದೆ. ಪರದೆ ನೋಡುತ್ತ ಒಂದೊಂದೇ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ. ಯಾವುದನ್ನು ಮುಟ್ಟಿದಾಗ ಸಾಲು ಬೀಳುತ್ತದೆಯೋ ಅದೇ ಕಳ್ಳ. ಅಲ್ಲಿ ಸ್ವಿಚ್ಚಿನ ಕಡೆಯ ತುದಿಯನ್ನು ಎಳೆದು ಟಾರ್ಚು ಬಿಟ್ಟು ನೋಡಿದರೆ ಎಂಟು ಎಳೆಗಳಲ್ಲಿ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ಉಪ್ಪು ಗಾಳಿಯ ಕೆಲಸ. ಹೊಸ ತಂತಿ, ಪೋರ್ಟಿಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸು, ಅಷ್ಟೇ. ಯುಎಸ್‌ಬಿ ಸಾಧನವಾದರೆ ಯುಡೆವ್ಎಡಿಎಂ ಮಾನಿಟರ್, ನೆಟ್‌ವರ್ಕಿಗೆ ಐಪಿ ಮಾನಿಟರ್ ಕೂಡ ಇದೇ ಕೆಲಸ ಮಾಡುತ್ತವೆ.

ಡಿಸ್ಕು ತುಂಬಿದೆ. ದೊಡ್ಡ ಲಾಗ್ ಫೈಲು ಅಳಿಸಿದೆ, ಆದರೂ ಜಾಗ ಬಂದಿಲ್ಲ.

ಆ ಫೈಲನ್ನು ತೆರೆದು ಹಿಡಿದಿರುವ ಪ್ರೋಗ್ರಾಮು ಬಿಡುವ ತನಕ ಜಾಗ ವಾಪಸ್ಸಾಗುವುದಿಲ್ಲ. ಹೆಸರು ಮಾತ್ರ ಅಳಿಸಿದೆ. ಎಲ್‌ಎಸ್‌ಒಎಫ್ +ಎಲ್1 ಎಂದರೆ, ಇಲ್ಲಿ ಎಲ್ ದೊಡ್ಡಕ್ಷರ, ಹಿಡಿದುಕೊಂಡವರ ಪಟ್ಟಿ ಬರುತ್ತದೆ. ಆ ಸರ್ವಿಸನ್ನು ರಿಸ್ಟಾರ್ಟ್ ಮಾಡಿ. ಮುಂದಿನ ಸಲ ಅಳಿಸುವ ಬದಲು ಟ್ರಂಕೇಟ್ -ಎಸ್ 0 ಎಂದು ಫೈಲನ್ನು ಬರಿದು ಮಾಡಿ.

ಜಾಗ ಇದ್ದೂ ತುಂಬಿದೆ ಎಂದರೆ ಡಿಎಫ್ -ಐ ನೋಡಿ. ಲಕ್ಷಾಂತರ ಪುಟ್ಟ ಫೈಲುಗಳು ಸೇರಿ ಐನೋಡ್, ಅಂದರೆ ಫೈಲಿಗೊಂದರಂತೆ ಬೇಕಾಗುವ ದಾಖಲೆಯ ಜಾಗ, ಮುಗಿದಿರಬಹುದು.

ಸ್ಕ್ಯಾನ್ ಮಾಡಿದ ಕಾಗದ ಫೋಲ್ಡರಿಗೆ ಬಂದ ಕೂಡಲೇ ಒಂದು ಕೆಲಸ ನಡೆಯಬೇಕು.

ನಿಮಿಷಕ್ಕೊಮ್ಮೆ ಫೋಲ್ಡರಿನ ಪಟ್ಟಿ ತೋರಿಸುವ ಎಲ್‌ಎಸ್ ಹೊಡೆಯುವ ಸ್ಕ್ರಿಪ್ಟು ಬರೆಯುವ ಅಗತ್ಯವಿಲ್ಲ. 2005ರ ಲಿನಕ್ಸ್ 2.6.13ರಿಂದ ಕರ್ನಲ್ ಒಳಗೇ ಐನೋಟಿಫೈ ಎಂಬುದಿದೆ. ಫೋಲ್ಡರಿನಲ್ಲಿ ಏನಾದರೂ ಆದರೆ ಕರ್ನಲ್ ತಾನೇ ಬಂದು ಹೇಳುತ್ತದೆ. ಐನೋಟಿಫೈ-ಟೂಲ್ಸ್ ಹಾಕಿ, ಐನೋಟಿಫೈವೇಟ್ -ಎಂ -ಇ ಕ್ಲೋಸ್_ರೈಟ್ ಎಂದು ಕೊಟ್ಟು ಫೋಲ್ಡರಿನ ಹೆಸರು ಕೊಡಿ. ಕ್ರಿಯೇಟ್ ಎಂಬ ಘಟನೆಯನ್ನು ಹಿಡಿಯಬೇಡಿ. ಅದು ಫೈಲು ಹುಟ್ಟಿದ ಕ್ಷಣ ಬರುತ್ತದೆ, ಆಗ ಒಳಗೆ ಏನೂ ಇರುವುದಿಲ್ಲ. ಬರೆದು ಮುಗಿಸಿ ಮುಚ್ಚಿದಾಗ ಬರುವುದು ಕ್ಲೋಸ್_ರೈಟ್. ಬೇರೆ ಹೆಸರಿನಲ್ಲಿ ಬರೆದು ಕೊನೆಗೆ ಹೆಸರು ಬದಲಿಸುವ ಪ್ರೋಗ್ರಾಮುಗಳಿಗಾಗಿ ಮೂವ್ಡ್_ಟು ಕೂಡ ಸೇರಿಸಿ.

ಇದು ಯಾರು ಬದಲಿಸಿದರು ಎಂದು ಹೇಳುವುದಿಲ್ಲ. ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಫೋಲ್ಡರಿನ ಮೂಲಕ ಬೇರೆ ಯಂತ್ರದವರು ಬರೆದದ್ದು ನಿಮ್ಮ ಯಂತ್ರಕ್ಕೆ ಗೊತ್ತಾಗುವುದೂ ಇಲ್ಲ. ಕಡತ ನಿಜವಾಗಿ ಇರುವ ಯಂತ್ರದಲ್ಲೇ ಕಾವಲು ಕೂರಿಸಬೇಕು. 

ಹಾಗಾದರೆ ಯಾರು ಬದಲಿಸಿದರು ಎಂದು ಹೇಗೆ ತಿಳಿಯುವುದು?

ಆಡಿಟ್‌ಡಿ ಎಂಬ, ಯಾರು ಏನು ಮುಟ್ಟಿದರೆಂದು ಬರೆದಿಡುವ ಪ್ರೋಗ್ರಾಮು ಬೇಕು, ಅದೂ ಘಟನೆಗೆ ಮೊದಲೇ. ಆಡಿಟ್‌ಸಿಟಿಎಲ್ -ಡಬ್ಲ್ಯು ಫೈಲಿನ ದಾರಿ, -ಪಿ ಡಬ್ಲ್ಯುಎ, -ಕೆ ನಿಮಗೆ ನೆನಪಿರುವ ಒಂದು ಗುರುತು. ಆಮೇಲೆ ಆಸರ್ಚ್ -ಐ -ಕೆ ಅದೇ ಗುರುತು. ಸುಡೋ ಮಾಡಿ ರೂಟ್ (ಯಂತ್ರದ ಪೂರ್ಣಾಧಿಕಾರಿ) ಆದವರೂ ಮೊದಲು ಯಾವ ಹೆಸರಿನಲ್ಲಿ ಲಾಗಿನ್ ಆಗಿದ್ದರು ಎಂಬುದು ಎಯುಐಡಿ ಎಂಬಲ್ಲಿ ಉಳಿದಿರುತ್ತದೆ. ಎಲ್ಲರೂ ಒಂದೇ ಪಾಸ್‌ವರ್ಡ್ ಹಂಚಿಕೊಂಡ ಕಚೇರಿಯಲ್ಲಿ ಇದರಿಂದ ಏನೂ ಪ್ರಯೋಜನವಿಲ್ಲ. ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು ಮಾಡಿಕೊಡಿ.

ಪ್ರೋಗ್ರಾಮು ತಾನಾಗಿ ಸಾಯುತ್ತದೆ, 137 ಎಂದು ಬರುತ್ತದೆ.

128ನ್ನು ಕಳೆಯಿರಿ. ಉಳಿದದ್ದು ಪ್ರೋಗ್ರಾಮಿಗೆ ಬಂದ ಸಿಗ್ನಲ್ಲಿನ, ಅಂದರೆ ಸೂಚನೆಯ ಸಂಖ್ಯೆ. 137 ಎಂದರೆ 9, ಯಾರೋ ಬಲವಂತವಾಗಿ ಕೊಂದಿದ್ದಾರೆ. 143 ಎಂದರೆ 15, ನಿಲ್ಲು ಎಂದು ಹೇಳಿ ನಿಲ್ಲಿಸಿದ್ದಾರೆ. 139 ಎಂದರೆ 11, ಪ್ರೋಗ್ರಾಮಿನ ಒಳಗಿನದ್ದೇ ತಪ್ಪು. 137 ಬಂದಾಗ ಡಿಮೆಸ್ಗ್‌ನಲ್ಲಿ ಔಟ್ ಆಫ್ ಮೆಮೊರಿ ಎಂದು ಹುಡುಕಿ, ಔಟ್‌ನ ಒ ದೊಡ್ಡಕ್ಷರ. ಮೆಮೊರಿ ಮುಗಿದಾಗ ಕರ್ನಲ್ ಯಾರನ್ನಾದರೂ ಆರಿಸಿ ಕೊಲ್ಲುತ್ತದೆ. ಸತ್ತವನೇ ಮೆಮೊರಿ ನುಂಗಿದವನು ಎಂದೇನಿಲ್ಲ. ಆ ಸಾಲಿನ ಮೇಲೆ ಅವತ್ತು ಯಾರು ಎಷ್ಟು ಹಿಡಿದಿದ್ದರು ಎಂಬ ಪಟ್ಟಿ ಇರುತ್ತದೆ, ಅದನ್ನು ಓದಿ.

ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ, ಫೇಲ್ಡ್ ಪಾಸ್‌ವರ್ಡ್ ಎಂದು ಸಾವಿರ ಸಾಲು!

ಇಂಟರ್ನೆಟ್ಟಿಗೆ ಬಾಗಿಲು ತೆರೆದ ಪ್ರತಿ ಯಂತ್ರಕ್ಕೂ ಇದು ಬರುತ್ತದೆ. ನೀವು ಹುಡುಕಬೇಕಾದದ್ದು ಫೇಲ್ಡ್ ಅಲ್ಲ, ಅಕ್ಸೆಪ್ಟೆಡ್ (ಎ ದೊಡ್ಡಕ್ಷರ) ಎಂಬ ಸಾಲು. ಅದರಲ್ಲಿ ನಿಮಗೆ ಗೊತ್ತಿಲ್ಲದ ಹೆಸರೋ ವಿಳಾಸವೋ ಇದ್ದರೆ ಕೂಡಲೇ ನೆಟ್‌ವರ್ಕ್ ತಂತಿ ತೆಗೆಯಿರಿ, ಯಂತ್ರ ಆಫ್ ಮಾಡಬೇಡಿ. ಇಲ್ಲದಿದ್ದರೆ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಪಾಸ್‌ವರ್ಡಿನ ಬದಲು ಬಳಸುವ ಕೀಲಿ ಫೈಲು) ಮಾಡಿಕೊಂಡು ಪಾಸ್‌ವರ್ಡಿನ ದಾರಿಯನ್ನೇ ಮುಚ್ಚಿಬಿಡಿ.

ಸಿಡಿಲು ಬಡಿದು ಯಂತ್ರವೇ ಸುಟ್ಟರೆ ಲಾಗ್ ಎಲ್ಲಿಂದ ತರುವುದು?

ಘಟ್ಟದ ಮೇಲೆ ಏಪ್ರಿಲ್, ಮೇ ತಿಂಗಳ ಗುಡುಗು ನೋಡಿದವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಲಾಗ್ ಹುಟ್ಟಿದ ಕೂಡಲೇ ಇನ್ನೊಂದು ಯಂತ್ರಕ್ಕೂ ಹೋಗಬೇಕು. ಆರ್‌ಸಿಸ್‌ಲಾಗ್‌ನ ಸೆಟ್ಟಿಂಗಿನಲ್ಲಿ ನಕ್ಷತ್ರ, ಚುಕ್ಕಿ, ನಕ್ಷತ್ರ ಎಂಬ ಗುರುತಿನ ಮುಂದೆ ಆ ಯಂತ್ರದ ವಿಳಾಸ ಬರೆಯುತ್ತಾರೆ. ವಿಳಾಸಕ್ಕೆ ಮೊದಲು ಒಂದು ಆ್ಯಟ್ ಚಿಹ್ನೆ ಹಾಕಿದರೆ ಯುಡಿಪಿ, ಎರಡು ಹಾಕಿದರೆ ಟಿಸಿಪಿ, ಎರಡೂ ಸಾಲು ಕಳಿಸುವ ವಿಧಾನಗಳು. ಎರಡೇ ಹಾಕಿ. ಯುಡಿಪಿಯಲ್ಲಿ ಕಳೆದುಹೋದ ಸಾಲು ಕಳೆದುಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಸೊಸೈಟಿಯ ಮೂಲೆಯಲ್ಲಿ ಬೇರೆ ಲೈನಿನ ಮೇಲಿರುವ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಇದಕ್ಕೆ ಸಾಕು.

ಜೋಯಿಡಾ ಕಡೆ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ. ದೂರದಿಂದ ಲಾಗ್ ನೋಡುತ್ತಿರುವಾಗಲೇ ಕಡಿದುಹೋಗುತ್ತದೆ.

ಆ ಕಡೆಯ ಯಂತ್ರದಲ್ಲಿ ಟಿಮಕ್ಸ್ ಶುರು ಮಾಡಿ, ಅದರೊಳಗೆ ಕೆಲಸ ಮಾಡಿ. ಸಂಪರ್ಕ ಹೋದರೂ ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಮತ್ತೆ ಲಾಗಿನ್ ಆಗಿ ಟಿಮಕ್ಸ್ ಅಟ್ಯಾಚ್ ಎಂದರೆ ಬಿಟ್ಟಲ್ಲಿಂದಲೇ. ಬಣ್ಣದ ಡ್ಯಾಶ್‌ಬೋರ್ಡ್ ತೆರೆದುಕೊಳ್ಳದ ಸಿಗ್ನಲ್ಲಿನಲ್ಲೂ ಕಪ್ಪು ಪರದೆಯ ಅಕ್ಷರ ಬರುತ್ತದೆ. ಕಮಾಂಡ್ ಕಲಿಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಲಾಗಿನಲ್ಲಿ ನಾವೇ ಏನಾದರೂ ಬರೆಯಬಹುದೇ?

ಬರೆಯಬೇಕು. ಲಾಗರ್ ಎಂಬ ಕಮಾಂಡ್ ಇದೆ. ಲಾಗರ್ ಎಂದು ಹೊಡೆದು, ಉದ್ಧರಣ ಚಿಹ್ನೆಯೊಳಗೆ "ಯುಪಿಎಸ್ ಬ್ಯಾಟರಿ ಬದಲಿಸಿದೆ" ಎಂದು ಬರೆದು ಎಂಟರ್ ಒತ್ತಿ. ಕನ್ನಡದಲ್ಲೇ ಬರೆಯಬಹುದು, ಯುಟಿಎಫ್-8 ಇದ್ದರಾಯಿತು. -ಟಿ ಮುಂದೆ ಒಂದು ಗುರುತಿನ ಪದ ಕೊಟ್ಟರೆ ಆಮೇಲೆ ಜರ್ನಲ್‌ಸಿಟಿಎಲ್ -ಟಿ ಅದೇ ಪದ ಎಂದು ನಿಮ್ಮ ಬರಹ ಮಾತ್ರ ತೆಗೆಯಬಹುದು. ಎರಡೂ ಕಡೆ ಟಿ ಸಣ್ಣದು. ತಂತಿ ಬದಲಿಸಿದಾಗ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಮುಟ್ಟಿದಾಗ, ಕ್ಯಾಬಿನೆಟ್ ತೆರೆದು ಇರುವೆ ಗೂಡು ತೆಗೆದಾಗ ಒಂದು ಸಾಲು ಹಾಕಿಡಿ. ಆರು ತಿಂಗಳ ಮೇಲೆ ಲಾಗ್ ಓದುವಾಗ ಯಂತ್ರದ ಮಾತಿನ ನಡುವೆ ನಿಮ್ಮ ಕೈಬರಹ ಸಿಗುತ್ತದೆ.

ಅಭ್ಯಾಸಕ್ಕೆ ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ಜರ್ನಲ್‌ಸಿಟಿಎಲ್ -ಎಫ್, ಸಣ್ಣ ಎಫ್. ಇನ್ನೊಂದರಲ್ಲಿ ಲಾಗರ್ ಮುಂದೆ ನಿಮ್ಮ ಊರಿನ ಹೆಸರು. ಮೊದಲ ಟರ್ಮಿನಲ್ಲಿನಲ್ಲಿ ಗಂಟೆ, ನಿಮಿಷ, ಸೆಕೆಂಡಿನ ಮುಂದೆ ಆ ಹೆಸರು ಬಂದು ಕೂರುತ್ತದೆ. ಆಮೇಲೆ ಪೆನ್ ಡ್ರೈವ್ ಒಂದನ್ನು ಚುಚ್ಚಿ, ತೆಗೆಯಿರಿ, ಪ್ರತಿ ಸಲ ಯಾವ ಸಾಲು ಬಂತು ಎಂದು ಗಟ್ಟಿಯಾಗಿ ಓದಿ.